ಫೋನ್ ಚಾರ್ಜ್ ನಿಧಾನ ಆದ್ರೆ ಏನು ಬದಲಾಯಿಸೋದು: ಕೇಬಲ್ಲಾ, ಚಾರ್ಜರಾ, ಪೋರ್ಟಾ?

ಮೊದಲೇ ಹೇಳ್ಬಿಡ್ತೇನೆ, ನನ್ನ ಓಟು ಕೇಬಲ್ಲಿಗೆ. ಫೋನ್ ಕಂಪನಿಯದ್ದೇ ಹೊಸ ಕೇಬಲ್, ಅದಕ್ಕೆ ಫೋನಿನ ಬಾಕ್ಸಲ್ಲೇ ಬಂದಿದ್ದ ಹಳೇ ಅಡಾಪ್ಟರು, ಅಷ್ಟೇ. ಚಾರ್ಜ್ ನಿಧಾನ ಆಗ್ತಿದೆ ಹೇಳಿ ಶಿರಸಿ ಪೇಟೇಲಿ ಕೇಳಿದ್ರೆ ಒಬ್ರು ಬ್ಯಾಟರಿ ಹೋಯ್ತು ಅಂತಾರೆ, ಇನ್ನೊಬ್ರು ಪೋರ್ಟ್ ಹಾಕ್ಸಿ ಅಂತಾರೆ, ಮತ್ತೊಬ್ರು 65 ವ್ಯಾಟಿನ ಚಾರ್ಜರ್ ತಗೊಳ್ಳಿ ಅಂತಾರೆ, ಕೇಬಲ್ ಬದಲಾಯ್ಸಿ ನೋಡಿ ಅನ್ನೋರು ಕಡಿಮೆ, ಅಂದ್ರೂ ಬಾಗಿಲಲ್ಲಿ ಗೊಂಚಲು ಕಟ್ಟಿ ನೇತು ಹಾಕಿದ್ರಲ್ಲೇ ಒಂದನ್ನ ಬಿಡಿಸಿ ಕೊಡ್ತಾರೆ. ಬ್ಯಾಟರಿ ಒಂದು ಬಿಟ್ಟು ಉಳಿದದ್ದೆಲ್ಲಾ ನಾನು ಇಲ್ಲಾ ನನ್ನ ಹತ್ತಿರದವರು ಮಾಡಿ ನೋಡಿದ್ದು, ಹಾಗಾಗಿ ಬರೀತಾ ಇದ್ದೇನೆ.

ನನ್ನದು 33 ವ್ಯಾಟಿನ ಫೋನು, ವಾರಂಟಿ ಮುಗಿದಿದೆ. ಹೊಸತರಲ್ಲಿ ಸಂಜೆ ಚಾ ಹೊತ್ತಿಗೆ ಚುಚ್ಚಿದ್ರೆ ಡೈರಿಗೆ ಹಾಲು ಕೊಟ್ಟು ಬರೋದ್ರೊಳಗೆ ತುಂಬಿರ್ತಿತ್ತು, ಈ ಮಳೆಗಾಲದಲ್ಲಿ ರಾತ್ರಿ ಊಟ ಆದ್ರೂ ಅರ್ಧ ದಾಟ್ತಿರಲಿಲ್ಲ. ನಮ್ಮ ಬದಿ ಆಷಾಢದಲ್ಲಿ ಕರೆಂಟು ಯಾವಾಗ ಹೋಗ್ತದೆ ಯಾವಾಗ ಬರ್ತದೆ ಹೇಳೋಕೆ ಬರೋದಿಲ್ಲ, ತಂತಿ ಮೇಲೆ ಒಂದು ಮರ ಬಿತ್ತು ಅಂದ್ರೆ ಆವತ್ತಿನ ಕತೆ ಮುಗೀತು, ಇದ್ದಷ್ಟು ಹೊತ್ತಲ್ಲಿ ತುಂಬಿಕೊಂಡದ್ದೇ ಲಾಭ. ವೇಗ ಬೇಕೇ ಬೇಕು.

ಕಾಸು ಖರ್ಚಿಲ್ಲದ್ದು ಮೊದಲು, ಪೋರ್ಟ್ ಕ್ಲೀನ್ ಮಾಡೋದು. ಟಾರ್ಚ್ ಹಾಕಿ ನೋಡಿದ್ರೆ ಟೈಪ್ ಸಿ ಪೋರ್ಟ್ ಒಳಗೆ ಏನೂ ಇದ್ದಂಗೆ ಕಾಣೋದಿಲ್ಲ, ಯಾಕಂದ್ರೆ ಕೊಳೆ ತಳದಲ್ಲಿ ಒತ್ತಿ ಕೂತಿರ್ತದೆ, ದಿನಾ ಕೇಬಲ್ ಚುಚ್ಚುವಾಗ ಅದು ಇನ್ನಷ್ಟು ಒಳಗೇ ಹೋಗ್ತದೆ. ಫೋನ್ ಪೂರ್ತಿ ಆಫ್ ಮಾಡಿ, ಒಂದು ಹಿಡಿಕಡ್ಡಿ ತುದಿಯನ್ನ ಬ್ಲೇಡಲ್ಲಿ ಚಪ್ಪಟೆ ಕೆತ್ತಿಕೊಂಡು, ನಡುವಿನ ನಾಲಿಗೆಗೆ ತಾಗದ ಹಾಗೆ ಸುತ್ತಲಿನ ಸಂದಿಯಲ್ಲಿ ಮೆಲ್ಲಗೆ ಮೀಟಿದೆ. ಬೂದು ಬಣ್ಣದ ಒಂದು ಬಿಲ್ಲೆನೇ ಎದ್ದು ಬಂತು, ಅಂಗಿ ಕಿಸೆಯ ನೂಲು, ಅಡಿಕೆ ಸುಲಿಯೋವಾಗಿನ ಧೂಳು ಎಲ್ಲಾ ಸೇರಿ ಒತ್ತಿ ಒತ್ತಿ ರಟ್ಟಿನ ಚೂರಿನ ಹಾಗೆ ಗಟ್ಟಿಯಾಗಿತ್ತು. ಮೊದಲು ಕೇಬಲ್ ಹಾಕಿದ್ರೆ ಪಿನ್ನಿನ ಲೋಹ ಒಂದು ಗೆರೆಯಷ್ಟು ಹೊರಗೇ ಕಾಣ್ತಿತ್ತು, ಆಮೇಲೆ ಟಕ್ ಅಂತ ಪೂರ್ತಿ ಕೂತಿತು. ಗುಂಡುಸೂಜಿ ಸೇಫ್ಟಿ ಪಿನ್ ಬೇಡ್ವೇ ಬೇಡ, ಆ ನಾಲಿಗೆಯ ಎರಡೂ ಬದಿ ಸೇರಿ 24 ಕಾಂಟ್ಯಾಕ್ಟ್ ಇರ್ತದೆ, ಒಂದು ಬಾಗಿದ್ರೂ ಕೆಲಸ ಕೆಟ್ಟಿತು. ಬಾಯಿಂದ ಊದೋದೂ ಬೇಡ, ತೇವ ಒಳಗೆ ಹೋಗ್ತದೆ. ಕ್ಲೀನ್ ಮಾಡಿದ್ಮೇಲೆ ನನ್ನ ಫೋನು ಸ್ವಲ್ಪ ಸುಧಾರಿಸ್ತು, ಪೂರ್ತಿ ಸರಿ ಆಗ್ಲಿಲ್ಲ. ಆದ್ರೂ ಯಾರೇ ಕೇಳಿದ್ರೂ ಇದನ್ನೇ ಮೊದಲು ಮಾಡಿ ಅಂತೇನೆ.

ಪೇಟೆಯ 250 ರೂಪಾಯಿ ಚಾರ್ಜರಿನ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಬಾಕ್ಸಿನ ಮೇಲೆ ದೊಡ್ಡಕ್ಷರದಲ್ಲಿ 65 ವ್ಯಾಟ್, ಚಾರ್ಜರಿನ ಮೈಮೇಲೆ ಸಣ್ಣಕ್ಷರದಲ್ಲಿ ಔಟ್‌ಪುಟ್ 5 ವೋಲ್ಟ್ 2 ಆಂಪಿಯರ್. ಗುಣಿಸಿ ನೋಡಿ, 10 ವ್ಯಾಟ್. ತಗೊಳ್ಳೋ ಮೊದಲು ಆ ಸಣ್ಣಕ್ಷರ ಓದಿ, ಆಮೇಲೆ ಆರ್ ಅಕ್ಷರದಿಂದ ಶುರುವಾಗೋ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನಂಬರ್ ಇದ್ಯಾ ನೋಡಿ, ಬಿಐಎಸ್ ಕೇರ್ ಅನ್ನೋ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾವ ಕಂಪನಿಗೆ ಕೊಟ್ಟದ್ದು ಹೇಳಿ ಬರ್ತದೆ. ನಾನು ನೋಡಿದ್ದಕ್ಕೆ ನಂಬರೇ ಇರ್ಲಿಲ್ಲ. ಇನ್ವರ್ಟರಲ್ಲಿ ಹಾಕಿದಾಗಂತೂ ಫೋನಿನ ಟಚ್ ತನ್ನಷ್ಟಕ್ಕೆ ಓಡಾಡ್ತಿತ್ತು, ಆಯಿ ಚಾರ್ಜರ್ ಮುಟ್ಟಿ ನೋಡಿ "ತಮಾ, ಇದೆಂತಾ ಇಷ್ಟು ಬಿಸಿ ಆಯ್ದಲಾ" ಅಂದ್ಲು. ಅಲ್ಲಿಗೆ ಬಿಟ್ಟೆ.

ಭಾವ ಬೆಂಗಳೂರಿಂದ ಬರುವಾಗ ಒಂದು 65 ವ್ಯಾಟಿನ ಗ್ಯಾನ್ ಚಾರ್ಜರ್ ತಂದಿದ್ದ. ಗ್ಯಾನ್ ಅಂದ್ರೆ ಗ್ಯಾಲಿಯಂ ನೈಟ್ರೈಡ್, ಸಿಲಿಕಾನ್ ಬದಲು ಅದನ್ನ ಬಳಸೋದ್ರಿಂದ ಚಾರ್ಜರ್ ಸಣ್ಣದಾಗ್ತದೆ, ಬಿಸಿಯೂ ಕಡಿಮೆ. ವಸ್ತು ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಅವನ ಲ್ಯಾಪ್‌ಟಾಪು ಅದರಲ್ಲೇ ಆಗ್ತದೆ, ಅವನ ಫೋನೂ ಬೇಗ ತುಂಬ್ತದೆ. ನನ್ನ ಫೋನಿಗೆ ಹಾಕಿದ್ರೆ ಬರೀ "ಚಾರ್ಜಿಂಗ್" ಅಂತ ಬಂತೇ ಹೊರತು ಫಾಸ್ಟ್ ಅನ್ನೋ ಚಿಹ್ನೆ ಬರಲೇ ಇಲ್ಲ. 65 ವ್ಯಾಟ್ ಕೊಡೋ ತಾಕತ್ತಿರೋದು 33 ವ್ಯಾಟಿನ ಫೋನಿಗೆ ಯಾಕೆ ಸಾಲೋದಿಲ್ಲ ಹೇಳಿ ಭಾವನಿಗೂ ಆಶ್ಚರ್ಯ.

ಕಾರಣ ಇಷ್ಟೆ. ಚಾರ್ಜರ್ ಮೇಲೆ ಬರೆದ ವ್ಯಾಟು ಅದು ಕೊಡಬಹುದಾದ ಗರಿಷ್ಠ, ಎಷ್ಟು ತಗೊಳ್ಳೋದು ಹೇಳಿ ನಿರ್ಧಾರ ಮಾಡೋದು ಫೋನು. ಚುಚ್ಚಿದ ಕೂಡ್ಲೇ ಎರಡರ ನಡುವೆ ಮಾತುಕತೆ ನಡೀತದೆ, ಭಾಷೆ ಒಂದೇ ಆದ್ರೆ ವೋಲ್ಟೇಜ್ ಏರ್ತದೆ ಇಲ್ಲಾ ಕರೆಂಟ್ ಏರ್ತದೆ, ಭಾಷೆ ತಿಳೀದೆ ಹೋದ್ರೆ ಇಬ್ಬರೂ ಹಳೇ 5 ವೋಲ್ಟಿಗೇ ಒಪ್ಪಿಕೊಳ್ತಾರೆ. ಭಾವನ ಚಾರ್ಜರ್ ಮಾತಾಡೋದು ಯುಎಸ್‌ಬಿ ಪವರ್ ಡೆಲಿವರಿ, ಅಂದ್ರೆ ಪಿಡಿ, ಅದರಲ್ಲೇ ಪಿಪಿಎಸ್ ಹೇಳಿ ಒಂದಿದೆ, ಫೋನ್ ಕೇಳಿದ ಹಾಗೆ 20 ಮಿಲಿವೋಲ್ಟಿನ ಸಣ್ಣ ಸಣ್ಣ ಮೆಟ್ಟಿಲಲ್ಲಿ ವೋಲ್ಟೇಜ್ ಹೊಂದಿಸ್ತದೆ. ನನ್ನ ಫೋನಿನ ಕಂಪನಿ ತನ್ನದೇ ಬೇರೆ ಪದ್ಧತಿ ಮಾಡಿಕೊಂಡಿದೆ. ಇಂಥಾ ಸ್ವಂತ ಪದ್ಧತಿ ಹೊಸತೇನಲ್ಲ, ಒಪ್ಪೋ ತನ್ನ ವೂಕ್ ತಂದದ್ದು 2014ರಲ್ಲೇ.

ಆ ಗ್ಯಾನ್ ಚಾರ್ಜರಲ್ಲಿ ನನಗೆ ಹಿಡಿಸದ್ದು ಇನ್ನೊಂದು, ಒಂದು ತೂತಿಗೆ ಫೋನ್ ಹಾಕಿಟ್ಟು ಇನ್ನೊಂದಕ್ಕೆ ಬೇರೆ ಏನಾದ್ರೂ ಚುಚ್ಚಿದ್ರೆ ಎರಡೂ ಒಮ್ಮೆ ನಿಂತು ಮತ್ತೆ ಶುರು ಆಗ್ತದೆ, ಪವರ್ ಹಂಚಿಕೊಳ್ಳೋಕೆ.

ಈಗ ಕೇಬಲ್ಲಿನ ವಿಷಯ. ತಲೆ ತಿಂದದ್ದು ಇದೇ, ಹಾಗಾಗಿ ಉದ್ದ ಬರೀತೇನೆ.

ನನ್ನ ಹಳೇ ಕೇಬಲ್ ನೋಡಿದ್ರೆ ಏನೂ ಆಗಿರ್ಲಿಲ್ಲ. ಹರಿದಿಲ್ಲ, ಸುಟ್ಟಿಲ್ಲ, ಪಿನ್ ಹೊಳೀತಾ ಇತ್ತು. ಆದ್ರೆ ಫೋನ್ ಬದಿಯ ಕುತ್ತಿಗೆ ಹತ್ರ ಸ್ವಲ್ಪ ಎಡಕ್ಕೆ ಬಗ್ಗಿಸಿ ಹಿಡಿದ್ರೆ ಫಾಸ್ಟ್ ಚಿಹ್ನೆ ಬರ್ತಿತ್ತು, ಕೈ ಬಿಟ್ರೆ ಹೋಗ್ತಿತ್ತು, ಚಾರ್ಜ್ ಮಾತ್ರ ನಿಲ್ತಿರಲಿಲ್ಲ. ತ್ರಾಸು ಇರೋದೇ ಇಲ್ಲಿ ಮಾರಾಯ್ರೆ, ಕೇಬಲ್ ಪೂರ್ತಿ ಸತ್ರೆ ಯಾರಿಗಾದ್ರೂ ಗೊತ್ತಾಗ್ತದೆ, ಇದು ಅರ್ಧ ಜೀವ ಇಟ್ಕೊಂಡು ಚಾರ್ಜ್ ಮಾಡ್ತಾನೇ ಇರ್ತದೆ, ನಾವು ಫೋನಿನ ಮೇಲೆ ಅನುಮಾನ ಪಡ್ತೇವೆ. ಒಳಗಿನ ತಂತಿ ಒಂದೇ ಎಳೆ ಅಲ್ಲ, ಕೂದಲಿನಷ್ಟು ತೆಳ್ಳಗಿನ ಹತ್ತಾರು ಎಳೆಗಳ ಜಡೆ. ಮಂಚದ ಮೇಲೆ ಮಲಗಿ ಚಾರ್ಜಿಗೆ ಹಾಕಿಕೊಂಡೇ ನೋಡೋದು, ಕೇಬಲ್ ಹಿಡಿದು ಎಳೆಯೋದು, ಇದ್ರಲ್ಲಿ ಎಳೆಗಳು ಒಂದೊಂದೇ ತುಂಡಾಗ್ತವೆ. ಉಳಿದ ಎಳೆಗಳಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ವೋಲ್ಟೇಜ್ ದಾರಿಯಲ್ಲೇ ಇಳೀತದೆ, ಫೋನು ಅದನ್ನ ನೋಡಿ ತಾನೇ ಕರೆಂಟ್ ಕಡಿಮೆ ತಗೊಳ್ತದೆ.

ಸರಿ, ಕೇಬಲ್ಲೇ ತಾನೆ ಹೇಳಿ ಪೇಟೇಲಿ ಸಿಕ್ಕಿದ್ದು ಹಾಕಿ ನೋಡಿದೆ. ಬಟ್ಟೆ ಹೆಣೆದ ದಪ್ಪ ಕೇಬಲ್, ಮೇಲೆ 120 ವ್ಯಾಟ್ ಅಂತ ಬರೆದದ್ದು. ಫಾಸ್ಟ್ ಚಿಹ್ನೆ ಇಲ್ಲ. ಇನ್ನೊಂದು ಅಂಗಡಿಯ ಚಪ್ಪಟೆ ಕೇಬಲ್, ಅದ್ರಲ್ಲೂ ಇಲ್ಲ. ಕಂಪ್ಯೂಟರಿಗೆ ಆ ಚಪ್ಪಟೆ ಕೇಬಲ್ಲಲ್ಲಿ ಫೋನ್ ಜೋಡಿಸಿದ್ರೆ ಫೋನ್ ಕಾಣಲೇ ಇಲ್ಲ, ಆಗ ಗೊತ್ತಾಯ್ತು, ಒಳಗೆ ಡೇಟಾ ತಂತಿನೇ ಹಾಕಿಲ್ಲ, ಬರೀ ಕರೆಂಟಿನ ಎರಡು ತಂತಿ. ನನ್ನ ಫೋನಿನಂಥಾ ಎಷ್ಟೋ ಫೋನಲ್ಲಿ ಚಾರ್ಜರ್ ಜೊತೆಗಿನ ಮಾತುಕತೆ ನಡಿಯೋದೇ ಆ ಡೇಟಾ ತಂತಿ ಮೇಲೆ, ಚಿಪ್ ಕಂಪನಿ ಕ್ವಾಲ್‌ಕಾಮ್‌ನ ಹಳೇ ಕ್ವಿಕ್ ಚಾರ್ಜ್ ಪದ್ಧತಿಯೂ ಹಾಗೇ. ತಂತಿ ಇಲ್ಲ ಅಂದ್ಮೇಲೆ ಮಾತೂ ಇಲ್ಲ. ನಿಮ್ಮಲ್ಲಿರೋ ಕೇಬಲ್ ಎಂಥದ್ದು ನೋಡ್ಬೇಕು ಅಂದ್ರೆ ಹೀಗೆ ಕಂಪ್ಯೂಟರಿಗೆ ಜೋಡಿಸಿ ಫೋಟೋ ಕಾಪಿ ಆಗ್ತದಾ ನೋಡಿ, ಸುಲಭದ ಪರೀಕ್ಷೆ.

ಬಟ್ಟೆ ಹೆಣೆದದ್ದರಲ್ಲಿ ಫೋಟೋ ಕಾಪಿ ಆಗ್ತಿತ್ತು, ಆದ್ರೂ ಫಾಸ್ಟ್ ಇಲ್ಲ. ಹೊರಗಿನ ದಪ್ಪಕ್ಕೂ ಒಳಗಿನ ತಾಮ್ರಕ್ಕೂ ಸಂಬಂಧ ಇಲ್ಲ. ಲೆಕ್ಕ ಹಾಕಿ ನೋಡಿ, 28 ಗೇಜಿನ ತಾಮ್ರದ ತಂತಿ 1 ಮೀಟರಿಗೆ ಸುಮಾರು 0.21 ಓಮ್, ಕರೆಂಟ್ ಹೋಗಿ ಬರೋ ಎರಡು ದಾರಿ ಸೇರಿ 0.42, 2 ಆಂಪಿಯರ್ ಹರಿದ್ರೆ 0.8 ವೋಲ್ಟಿಗಿಂತ ಜಾಸ್ತಿ ಕೇಬಲ್ಲಲ್ಲೇ ಹೋಯ್ತು, 5 ವೋಲ್ಟ್ ಹೊರಟದ್ದು ಫೋನಿಗೆ ಮುಟ್ಟೋವಾಗ 4.2ಕ್ಕೂ ಕಡಿಮೆ. 24 ಗೇಜ್, ಅಂದ್ರೆ ಅದಕ್ಕಿಂತ ದಪ್ಪ ತಂತಿ, ಆದ್ರೆ ಆ ನಷ್ಟ ಅರ್ಧಕ್ಕಿಂತ ಕಡಿಮೆ. ಮಂಚದ ತನಕ ಎಟುಕಲಿ ಹೇಳಿ 2 ಮೀಟರಿನ ತೆಳ್ಳಗಿನ ಕೇಬಲ್ ತಗೊಂಡ್ರೆ ನಷ್ಟ ದುಪ್ಪಟ್ಟು. ಇದರ ಮೇಲೆ ಕೆಲವು ಕಂಪನಿಗಳು ತಮ್ಮ ಕೇಬಲ್ಲಲ್ಲಿ ಹೆಚ್ಚಿನ ಪಿನ್ನೋ ಗುರುತಿನ ಚಿಪ್ಪೋ ಇಡ್ತಾರೆ, ಅದು ಇಲ್ಲದ ಕೇಬಲ್ಲಿಗೆ ಜಾಸ್ತಿ ಕರೆಂಟ್ ಬಿಡೋದೇ ಇಲ್ಲ. ಸುರಕ್ಷತೆ ಲೆಕ್ಕದಲ್ಲಿ ಅದು ಸರಿನೇ, ತೆಳ್ಳಗಿನ ತಂತಿಗೆ ಜೋರು ಕರೆಂಟ್ ಬಿಟ್ರೆ ಅದೇ ಸುಡ್ತದೆ. ಪಿಡಿಯಲ್ಲೂ ಹೀಗೇ, ಎರಡೂ ಬದಿ ಟೈಪ್ ಸಿ ಇರೋ ಸಾಮಾನ್ಯ ಕೇಬಲ್ಲಿಗೆ 3 ಆಂಪಿಯರ್ ಮಿತಿ, 5 ಆಂಪಿಯರ್ ಬೇಕಂದ್ರೆ ಇ-ಮಾರ್ಕರ್ ಅನ್ನೋ ಗುರುತಿನ ಚಿಪ್ ಇರ್ಲೇಬೇಕು.

ಕೊನೆಗೆ ಫೋನ್ ಕಂಪನಿಯ ಸೈಟಲ್ಲೇ ಆರ್ಡರ್ ಮಾಡಿದೆ, ಮುನ್ನೂರು ಚಿಲ್ರೆ ಜಾಸ್ತಿ ಬಿತ್ತು ಪೇಟೆ ಕೇಬಲ್ಲಿಗಿಂತ. ಹಾಕಿದ ಕೂಡ್ಲೇ ಫಾಸ್ಟ್ ಚಿಹ್ನೆ, ಬಗ್ಗಿಸಿದ್ರೂ ಹೋಗೋದಿಲ್ಲ. ಈಗ ಮೊದಲಿನ ಹಾಗೇ ಡೈರಿಗೆ ಹೋಗಿ ಬರೋದ್ರೊಳಗೆ ತುಂಬ್ತದೆ. ಕರೆಂಟು ಹೋಗಿ ಬಂದ್ರೂ ತಾನೇ ಮತ್ತೆ ಫಾಸ್ಟಿಗೆ ಬರ್ತದೆ, ನನಗೆ ಇದೇ ದೊಡ್ಡ ವಿಷಯ.

ಪೋರ್ಟ್ ಹಾಕ್ಸೋದು ಬೇಡವೇ ಬೇಡ ಅನ್ನೋದಿಲ್ಲ. ಕಾರವಾರದ ನನ್ನ ದೋಸ್ತನಿಗೆ ಅದೇ ಬೇಕಾಯ್ತು. ಅವನದ್ದು ಬೈತಖೋಲ ಬಂದರಿನ ಹತ್ರ ಮೀನಿನ ವ್ಯಾಪಾರ, ದಿನವಿಡೀ ಉಪ್ಪುಗಾಳಿ, ಒದ್ದೆ ಕೈ. ಅವನ ಫೋನಿನ ಪೋರ್ಟಲ್ಲಿ ಕಾಂಟ್ಯಾಕ್ಟ್ ಮೇಲೆ ಹಸಿರು ಕಟ್ಟಿತ್ತು, ಪೋರ್ಟಲ್ಲಿ ತೇವ ಇದೆ ಅನ್ನೋ ಎಚ್ಚರಿಕೆ ಒಣಗಿದ ಮೇಲೂ ಬರ್ತಾನೇ ಇತ್ತು. ಉಪ್ಪುನೀರು ಇರೋವಾಗ ಕರೆಂಟ್ ಹರಿದ್ರೆ ಲೋಹ ಬೇಗ ತಿಂದು ಹೋಗ್ತದೆ, ಹಾಗಾಗಿ ಒದ್ದೆ ಇದ್ರೆ ಚಾರ್ಜಿಗೆ ಹಾಕ್ಲೇಬಾರ್ದು. ಅಕ್ಕಿ ಡಬ್ಬದಲ್ಲಿ ಇಡೋದೂ ಬೇಡ, ಅಕ್ಕಿ ಪುಡಿ ಪೋರ್ಟಿನೊಳಗೆ ಸೇರ್ತದೆ, ಫ್ಯಾನ್ ಕೆಳಗೆ ಬಾಯಿ ಕೆಳಗೆ ಮಾಡಿ ಇಟ್ರೆ ಸಾಕು.

ಹೆಚ್ಚಿನ ಫೋನಲ್ಲಿ ಪೋರ್ಟು ಇರೋದು ಒಂದು ಸಣ್ಣ ಬೇರೆ ಬೋರ್ಡಲ್ಲಿ, ರಿಪೇರಿಯವರು ಸಿಸಿ ಬೋರ್ಡ್ ಅಂತಾರೆ. ದೋಸ್ತ ಮೊದಲು ಹಾಕ್ಸಿದ್ದು ಡೂಪ್ಲಿಕೇಟು, ಚಾರ್ಜ್ ಆಗ್ತಿತ್ತು, ಫಾಸ್ಟ್ ಮಾತ್ರ ಶಾಶ್ವತವಾಗಿ ಹೋಯ್ತು, ಅಂಗಡಿಯವರು "ಇಷ್ಟೇ ಬರೋದು" ಅಂದ್ಬಿಟ್ರು. ಮತ್ತೆ ದುಡ್ಡು ಕೊಟ್ಟು ಒರಿಜಿನಲ್ ಬೋರ್ಡ್ ಹಾಕ್ಸಿದ ಮೇಲೇ ಸರಿ ಆದದ್ದು. ಹಾಕಿಸೋರು ಅಂಗಡಿಯಿಂದ ಹೊರಡೋ ಮೊದಲು ನಿಮ್ಮದೇ ಅಡಾಪ್ಟರ್, ನಿಮ್ಮದೇ ಕೇಬಲ್ ಹಾಕಿ ಫಾಸ್ಟ್ ಚಿಹ್ನೆ ನೋಡಿಕೊಂಡೇ ದುಡ್ಡು ಕೊಡಿ. ಒಮ್ಮೆ ಬಿಚ್ಚಿದ ಫೋನಿನ ಅಂಟು ಮೊದಲಿನ ಹಾಗೆ ಕೂರೋದು ಕಷ್ಟ, ನಮ್ಮ ಮಳೆಗೆ ಅದೂ ಯೋಚನೆ ಮಾಡ್ಬೇಕಾದ್ದೇ.

ಬ್ಯಾಟರಿ ಹಳತಾದ್ರೆ ಕೊನೆಯ ಭಾಗ ನಿಧಾನ ತುಂಬ್ತದೆ, ಆದ್ರೆ ಅದ್ರ ಜೊತೆ ಬೇಗ ಖಾಲಿನೂ ಆಗ್ತದೆ, ಹಾಗಾಗದೇ ಇದ್ರೆ ಬ್ಯಾಟರಿ ಮುಟ್ಬೇಡಿ. 80 ಪರ್ಸೆಂಟ್ ಆದ್ಮೇಲೆ ನಿಧಾನ ಆಗೋದು ಎಲ್ಲಾ ಲಿಥಿಯಂ ಬ್ಯಾಟರಿಯ ಸಹಜ ಗುಣ. ಕಾರವಾರ ಅಂಕೋಲಾ ಬದಿಯ ಮೇ ತಿಂಗಳ ಸೆಕೆಯಲ್ಲಿ ದಪ್ಪ ಕವರ್ ಹಾಕಿಟ್ರೆ ಫೋನು ಬಿಸಿಗೆ ಹೆದರಿ ವೇಗ ಇಳಿಸ್ತದೆ, ಕವರ್ ತೆಗೀರಿ. ಸಿಗ್ನಲ್ ಒಂದು ಕಡ್ಡಿ ಇರೋ ಊರಲ್ಲಿ ಫೋನು ಸಿಗ್ನಲ್ ಹುಡುಕೋಕೇ ಚಾರ್ಜ್ ತಿಂತದೆ, ದೇವಿಮನೆ ಘಟ್ಟ ಇಳೀವಾಗ ನೋಡಿದೋರಿಗೆ ಗೊತ್ತು, ಅಂಥಲ್ಲಿ ಫ್ಲೈಟ್ ಮೋಡಿಗೆ ಹಾಕಿ ಚಾರ್ಜ್ ಮಾಡಿದ್ರೆ ಬೇಗ ಆಗ್ತದೆ.

ಹಾಗಾಗಿ ಕೈಲಿ ಸಾವಿರದೊಳಗೆ ಇದೆ, ಅಡಾಪ್ಟರ್ ಒರಿಜಿನಲ್ ಇದೆ ಅಂದ್ರೆ ಹಿಡಿಕಡ್ಡಿ ಮೊದಲು, ಕಂಪನಿ ಕೇಬಲ್ ಆಮೇಲೆ, ಬೇರೆ ಯಾವುದಕ್ಕೂ ದುಡ್ಡು ಹಾಕ್ಬೇಡಿ. ಅಡಾಪ್ಟರೇ ಸತ್ತಿದ್ರೂ ಅದೇ ಕಂಪನಿಯದ್ದೇ ತಗೊಳ್ಳಿ. ನಿಮ್ಮ ಫೋನು ಪಿಡಿ, ಪಿಪಿಎಸ್ ತಗೊಳ್ಳೋದಾದ್ರೆ, ಲ್ಯಾಪ್‌ಟಾಪೂ ಇದ್ರೆ, ಆಗ ಭಾವನ ಚಾರ್ಜರೇ ಲಾಯಕ್ಕು, ಒಂದ್ರಲ್ಲೇ ಮನೆಯ ಎಲ್ಲಾದೂ ಆಗ್ತದೆ. ಯುರೋಪಲ್ಲಿ 2024ರ ಡಿಸೆಂಬರ್ 28ರಿಂದ ಮಾರೋ ಹೊಸ ಫೋನಿಗೆ ಟೈಪ್ ಸಿ ಕಡ್ಡಾಯ, 15 ವ್ಯಾಟ್ ಮೀರಿ ಚಾರ್ಜ್ ಆಗೋದಿದ್ರೆ ಪಿಡಿಯೂ ಇರ್ಲೇಬೇಕು. ಮುಂದಿನ ಫೋನ್ ತಗೊಳ್ಳೋವಾಗ ಅಂಗಡಿಲಿ ನಾನು ಕೇಳೋದು, ಕಂಪನಿ ಚಾರ್ಜರಲ್ಲಿ ಎಷ್ಟು ವ್ಯಾಟ್ ಅನ್ನೋದ್ರ ಜೊತೆ, ಪಿಡಿಯಲ್ಲಿ ಹಾಕಿದ್ರೆ ಎಷ್ಟು ಹೇಳಿ.