ಬ್ರಿಟನ್ನಿನಲ್ಲಿ ಕೈ ಖಾಲಿಯಾದಾಗ: ಟರ್ನ್‌ಟುಅಸ್ ಗ್ರಾಂಟ್ ಸರ್ಚ್

ಬ್ರಿಟನ್ನಿನಲ್ಲಿದ್ದು ಕೆಲಸ ಹೋಗಿದೆ, ಬಾಡಿಗೆ ಕಟ್ಟಲು ಆಗುತ್ತಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಟರ್ನ್‌ಟುಅಸ್ (Turn2us). ಅದರ ವೆಬ್‌ಸೈಟಿನಲ್ಲಿರುವ ಗ್ರಾಂಟ್ ಸರ್ಚ್‌ನಲ್ಲಿ ಗ್ರಾಂಟ್, ಅಂದರೆ ವಾಪಸು ಕೊಡಬೇಕಿಲ್ಲದ ನೆರವಿನ ಹಣ, ಎಲ್ಲೆಲ್ಲಿ ಸಿಗಬಹುದು ಅಂತ ಹುಡುಕಬಹುದು. ಪೂರ್ತಿ ಉಚಿತ, ನಡೆಸುವುದೂ ಒಂದು ಚಾರಿಟಿಯೇ (ದತ್ತಿ ಸಂಸ್ಥೆ). ಪೋಸ್ಟ್‌ಕೋಡ್, ವಯಸ್ಸು, ಆರೋಗ್ಯ, ಮಾಡಿದ ಕೆಲಸ ಇಷ್ಟು ಹಾಕಿದರೆ ನಿಮಗೆ ಹೊಂದುವ ನಿಧಿಗಳ ಪಟ್ಟಿ ಬರುತ್ತದೆ. ಕೆಲಸದ ವಿವರವನ್ನು ಸುಮ್ನೆ ಖಾಲಿ ಬಿಡಬೇಡಿ, ಹಿಂದೆ ಮಾಡಿದ್ದನ್ನೂ ಹಾಕಿ, ಯಾಕಂದರೆ ಅಲ್ಲಿ ಎಷ್ಟೋ ಕಸುಬಿನವರಿಗೆ ಅವರದೇ ನಿಧಿಗಳಿವೆ: ಅಂಗಡಿ ಕೆಲಸದವರಿಗೆ ರೀಟೇಲ್ ಟ್ರಸ್ಟ್, ಹೋಟೆಲಿನವರಿಗೆ ಹಾಸ್ಪಿಟಾಲಿಟಿ ಆಕ್ಷನ್. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ ಅಲ್ವಾ, ನನಗೆ ಬೇಜಾರಾಗುವುದು ಅದಕ್ಕೇ.

ಪಟ್ಟಿಯಲ್ಲಿ ಬಂದ ಮಾತ್ರಕ್ಕೆ ದುಡ್ಡು ಸಿಗುವುದಿಲ್ಲ. ಆಯಾ ನಿಧಿಗೆ ಬೇರೆ ಬೇರೆ ಅರ್ಜಿ ಹಾಕಬೇಕು. ಕೆಲವು ಕಡೆ ನೇರ ಅರ್ಜಿಯೇ ನಡೆಯುವುದಿಲ್ಲ, ಸೋಷಿಯಲ್ ವರ್ಕರ್‌ನಂಥವರ ಮೂಲಕವೇ ಹೋಗಬೇಕು. ಕಷ್ಟದಲ್ಲಿರುವವರಿಗೆ ಇದು ಜಾಸ್ತಿ ಓಡಾಟವೇ.

ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂದಿದ್ದರೂ ಹೆದರಬೇಡಿ, ಚಾರಿಟಿ ತನ್ನ ಹಣದಿಂದ ಕೊಡುವ ಗ್ರಾಂಟ್ ಅದರಲ್ಲಿ ಸೇರುವುದಿಲ್ಲ. ಸರ್ಕಾರದ ಭತ್ಯೆಗೆ ಕೈ ಹಾಕುವ ಮುಂಚೆ ಮಾತ್ರ ವಲಸೆ ಸಲಹೆಗಾರರನ್ನು ಕೇಳಿ. ಸಂಘದ ಕೆಲಸಕ್ಕೆ ಹಣ ಹುಡುಕುತ್ತಿದ್ದರೆ ಇದು ನಿಮಗಲ್ಲ, ನ್ಯಾಷನಲ್ ಲಾಟರಿ ಕಮ್ಯುನಿಟಿ ಫಂಡ್ ನೋಡಿ.