ಪೆಟ್ರೋಲಿಗೆ ಬಾಟಲಿ ಸುರಿಯೋ ಮುಂಚೆ ಇದನ್ನ ಓದಿಬಿಡಿ

ಬರೆಯೋಕೇ ನಾಚಿಕೆ ಆಗ್ತಿದೆ. ನಾಲ್ಕು ಜನಕ್ಕೆ ಗಾಡಿ ಬಗ್ಗೆ ಬುದ್ಧಿ ಹೇಳೋ ನಾನೇ ಪೆಟ್ರೋಲಿಗೆ ಬೆರೆಸೋ ಔಷಧಿಯ ಒಂದು ಬಾಟಲಿಗೆ ಬಿದ್ದುಹೋದೆ.

ಕಾರು 62,000 ಕಿಲೋಮೀಟರ್ ಓಡಿತ್ತು. ತೊಂದರೆ ಏನೂ ಇರಲಿಲ್ಲ. ಇನ್ನೊಂದು ಸಲ ಹೇಳ್ತೀನಿ, ತೊಂದರೆ ಏನೂ ಇರಲಿಲ್ಲ! ಆಯಿಲ್ ಬದಲಿಸೋಕೆ ಹೋಗಿದ್ದೆ ಅಷ್ಟೇ. ಕೌಂಟರಿನವನು "ಸರ್, ಇದೊಂದು ಹಾಕಿ ನೋಡಿ. ಪಿಕಪ್ ಬರುತ್ತೆ, ಮೈಲೇಜ್ ನೀವೇ ಬಂದು ಹೇಳ್ತೀರ" ಅಂದ. ಒಂದು ತಗೊಂಡ್ರೆ ಇನ್ನೊಂದು ಫ್ರೀ ಬೇರೆ. ಮೈಲೇಜ್ ಅಂದ ತಕ್ಷಣ ಕರಗಿಹೋದೆ, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಗಾಡಿ ಹಗುರಾಗಿದೆ ಅನ್ನಿಸ್ತು (ದುಡ್ಡು ಕೊಟ್ಟಿದ್ದಕ್ಕೆ ಹಾಗನ್ನಿಸಿರಬೇಕು). ಮೂರನೇ ದಿನ ನಿಂತಲ್ಲೇ ಸ್ಟೀರಿಂಗ್ ನಡುಗೋಕೆ ಶುರುವಾಯ್ತು, ಏರು ಹತ್ತುವಾಗ ಜರ್ಕ್, ಚೆಕ್ ಎಂಜಿನ್ ಲೈಟ್. ಫೋನ್ ಮಾಡಿದೆ. "ಅದು ಹಳೇ ಕಸ ಕರಗಿ ಬರ್ತಿರೋದು ಸರ್, ಒಳ್ಳೇದೇ. ಫ್ರೀ ಬಾಟಲೀನೂ ಹಾಕಿಬಿಡಿ, ಕ್ಲಿಯರ್ ಆಗುತ್ತೆ" ಅಂದ.

ನಾನೂ ಹಾಕಿದೆ. ಅರ್ಧ ಟ್ಯಾಂಕ್ ಪೆಟ್ರೋಲಿಗೆ ಎರಡನೇ ಬಾಟಲಿ ಪೂರ್ತಿ ಸುರಿದೆ.

ಆಮೇಲೆ ಲೈಟ್ ಮಿಟುಕೋಕೆ ಶುರು. ಮಿಟುಕಿದರೆ ಮಿಸ್‌ಫೈರ್ (ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದೇ ಇರೋದು) ಜೋರಾಗಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ. "ಕಸ ಬರ್ತಿದೆ" ಅಂದುಕೊಂಡು ಇನ್ನೂ ಎರಡು ದಿನ ಓಡಿಸಿದೆ.

ಬೇರೆ ಮೆಕ್ಯಾನಿಕ್ ಹತ್ರ ಹೋದೆ. ಸ್ಕ್ಯಾನರಲ್ಲಿ ಪಿ 0300, ಅಂದ್ರೆ ಮಿಸ್‌ಫೈರ್ ಕೋಡ್. ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈಗೆ ಹಾಕಿದ್ರು. ತುದಿಯ ಬಿಳಿ ಪಿಂಗಾಣಿ ಇಟ್ಟಿಗೆ ಕೆಂಪು! ತುಕ್ಕು ಬಳಿದ ಹಾಗೆ, ಉಗುರಲ್ಲಿ ಕೆರೆದರೂ ಹೋಗಲಿಲ್ಲ. ನಾಲ್ಕೂ ಹಾಗೇ. "ಆಕ್ಟೇನ್ ಬೂಸ್ಟರ್, ಪಿಕಪ್ ಬರುತ್ತೆ ಅಂತ ಪೆಟ್ರೋಲಿಗೆ ಬೆರೆಸೋದು, ಏನಾದ್ರೂ ಹಾಕಿದ್ರಾ?" ಅಂದ್ರು. ನಾನು ನೆಲ ನೋಡಿದೆ. ಕೆಲವು ಬಾಟಲಿಗಳಲ್ಲಿ ಕಬ್ಬಿಣದ ಅಂಶ ಇರುತ್ತಂತೆ, ಫೆರೋಸೀನ್ ಅಂತ. ಅದು ಉರಿದು ಪಿಂಗಾಣಿ ಮೇಲೆ ಪದರ ಕಟ್ಟುತ್ತೆ, ಬಿಸಿಯಾದಾಗ ಕರೆಂಟ್ ಆ ಪದರದ ಮೇಲೇ ಹರಿದುಹೋಗುತ್ತೆ, ಕಿಡಿ ಹಾರಲ್ಲ.

ಪ್ಲಗ್ ಕಟ್ಟಿಕೊಂಡು ವಾಪಸ್ ಅಂಗಡಿಗೆ ಹೋದೆ. ಮೊದಲು "ಪೆಟ್ರೋಲ್ ಕಲಬೆರಕೆ ಇರಬೇಕು" ಅಂದ. ಆಮೇಲೆ "ಪ್ಲಗ್ ಹಳೇದು". ಆಮೇಲೆ "ಎಷ್ಟೋ ಜನ ಹಾಕ್ತಾರೆ ಸರ್, ನಿಮಗೊಬ್ಬರಿಗೇ ಯಾಕೆ?" ಕೊನೆಗೆ ಮೆಲ್ಲಗೆ ಕೇಳಿದ, "ಎಷ್ಟು ಹಾಕಿದ್ರಿ?"

"ಎರಡೂ."

ಬಾಟಲಿ ತಿರುಗಿಸಿ ಇರುವೆ ಸಾಲಿನಂಥ ಅಕ್ಷರ ತೋರಿಸಿದ. ತುಂಬಿದ ಟ್ಯಾಂಕಿಗೆ ಒಂದೇ ಬಾಟಲಿ. "ಓವರ್‌ಡೋಸ್ ಮಾಡಿದೀರ ಸರ್. ಇದಕ್ಕೆ ನಾವೇನು ಮಾಡೋಕಾಗುತ್ತೆ?"

ನೀನೇ ತಾನೇ ಹಾಕು ಅಂದಿದ್ದು ಅಂದೆ. "ನಾನಾ? ಯಾವಾಗ?" ಅಂದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇಬ್ಬರು ನನ್ನನ್ನೇ ನೋಡ್ತಿದ್ರು, ಓದೋಕೆ ಬರದವನು ಅನ್ನೋ ಹಾಗೆ. ಫೋನಲ್ಲಿ ಹೇಳಿದ್ದಕ್ಕೆ ನನ್ನ ಹತ್ರ ಪುರಾವೆ ಏನಿದೆ? ಏನೂ ಇಲ್ಲ.

ಎಲ್ಲಾ ಬಾಟಲಿಯೂ ವಿಷ ಅನ್ನಲ್ಲ, ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಭಾಗ) ಕೊಳೆ ತೆಗೆಯೋ ಕ್ಲೀನರ್‌ಗಳು ಇವೆ. ಆದರೆ ಒಳಗೇನಿದೆ ಅಂತ ಬರೆಯದೆ "ವಿಶೇಷ ಫಾರ್ಮುಲಾ" ಅಂತಷ್ಟೇ ಇದ್ದರೆ ಅಲ್ಲೇ ಬಿಟ್ಟುಬನ್ನಿ. ಗಾಡಿ ಜೊತೆ ಕೊಟ್ಟ ಪುಸ್ತಕ ತೆರೀರಿ. ನನ್ನದರಲ್ಲಿ ಬೇರೇನೂ ಬೆರೆಸಬೇಡಿ ಅಂತ ಅಚ್ಚಾಗೇ ಇತ್ತು. ಓದಿದ್ದು ಎಲ್ಲಾ ಮುಗಿದ ಮೇಲೆ! ಲೈಟ್ ಮಿಟುಕಿದರೆ ಗಾಡಿ ಪಕ್ಕಕ್ಕೆ ಹಾಕಿ. ಇನ್ನೊಂದು ಸುರಿಯಿರಿ ಅಂತ ಯಾರಾದ್ರೂ ಹೇಳಿದ್ರೆ, ಅದನ್ನೇ ಮೆಸೇಜಲ್ಲಿ ಕಳಿಸಿ ಅನ್ನಿ. ಕಳಿಸ್ತಾನಾ ನೋಡೋಣ.

ಟ್ಯಾಂಕ್ ಖಾಲಿ ಮಾಡಿಸಿ ನಾಲ್ಕೂ ಪ್ಲಗ್ ಬದಲಾಯಿಸಿದ ಮೇಲೆ ನಡುಕ ನಿಂತಿದೆ. ಕನ್ವರ್ಟರ್ ಕಥೆ ಇನ್ನೂ ಗೊತ್ತಿಲ್ಲ. ಪಿ 0420, ಅಂದ್ರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಕೋಡ್, ಬಂದ್ರೆ ಅದೂ ಹೋಯ್ತು ಅಂದುಕೊಳ್ಳಿ ಅಂತ ಮೆಕ್ಯಾನಿಕ್ ಅಂದಿದ್ದಾರೆ. ದಿನಾ ಬೆಳಿಗ್ಗೆ ಕೀ ತಿರುಗಿಸಿ, ಆ ಹಳದಿ ಲೈಟ್ ಆರುತ್ತಾ ಅಂತ ನೋಡ್ತಾ ಕೂತಿರ್ತೀನಿ.