ದೋಣಿಗೆ ಯಾವ ರೆಸಿನ್? ಮೂರು ಥರದ್ದು ಹಚ್ಚಿ, ಎರಡು ಕೆರೆದು ತೆಗೆದ್ಮೇಲೆ ಬರೀತಿರೋದು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಫೈಬರ್ ಸಾಮಾನಿನ ಅಂಗಡೀಲಿ 556 ಅಂತ ಕೇಳಿದ್ರೆ ಕೊಡ್ತಾರಲ್ಲ, ಜೇನುತುಪ್ಪದ ಹಾಗೆ ದಪ್ಪಕ್ಕಿರೋ ಎಪಾಕ್ಸಿ ರೆಸಿನ್ (ರೆಸಿನ್ ಅಂದ್ರೆ ಹಚ್ಚಿದ ಮೇಲೆ ಗಟ್ಟಿ ಪ್ಲಾಸ್ಟಿಕ್ ಆಗೋ ದ್ರವ), ಅದಕ್ಕೇ. ಜೊತೆಗೆ ಅದು ಗಟ್ಟಿಯಾಗೋಕೆ ಕಲಸೋ 951 ಅನ್ನೋ ಹಾರ್ಡ್ನರ್. ಆದ್ರೆ ಈ ತೀರ್ಮಾನಕ್ಕೆ ಬರೋಕೆ ನಂಗೆ ಎರಡು ಮಳೆಗಾಲ ಹಿಡೀತು, ಮಧ್ಯ ಒಂದು ಹಲಸಿನ ಹಲಗೆಯ ಟೀಪಾಯಿ ಬಲಿಯಾಯ್ತು.

ನಮ್ದು ಗಂಗೊಳ್ಳಿ ಕಡೆ. ಅಜ್ಜನ ಕಾಲದ ಒಂದು ಹೆಬ್ಬಲಸಿನ ದೋಣಿ ಇದೆ, ಹದಿನಾರಡಿ, ಹೊಟ್ಟೆಪಾಡಿಗೇನಲ್ಲ, ರಜೆ ದಿನ ಹೊಳೇಲಿ ಗಾಳ ಹಾಕೋಕೆ ಅಷ್ಟೇ. ಅದರ ಅಡಿಹಲಗೇಲಿ ಎರಡು ಕಡೆ ಬಿರುಕು, ಇನ್ನೊಂದು ಕಡೆ ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗೋಷ್ಟು ಮೆತ್ತಗಾಗಿತ್ತು. ಅಜ್ಜ ಇದ್ದಿದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ, ಹಲಗೆ ಬದಲಾಯಿಸಿ ಮುಗಿಸ್ತಿದ್ರು. ಈಗ ದೋಣಿ ಕೆಲಸ ಗೊತ್ತಿರೋ ಆಚಾರ್ರು ಸಿಗೋದೇ ಕಷ್ಟ, ಸಿಕ್ಕಿದ್ರೂ ಆ ಥರದ ಹೆಬ್ಬಲಸು ಸಿಗಲ್ಲ.

ಮೊದ್ಲು ಹಚ್ಚಿದ್ದು ಪಾಲಿಯೆಸ್ಟರ್ ರೆಸಿನ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಬೋಟ್ ಎಲ್ಲಾ ಮೇಲೆ ಎಳೆದು ರಿಪೇರಿ ಮಾಡ್ತಾರೆ, ಫೈಬರ್ ಕೆಲಸದವರಿಗೆ ಪುರುಸೊತ್ತೇ ಇರಲ್ಲ. ಅವರಲ್ಲೊಬ್ರನ್ನ ಕೇಳಿದ್ದಕ್ಕೆ "ಎಪಾಕ್ಸಿ ಎಲ್ಲ ಎಂತಕೆ ಮಾರಾಯ್ರೆ, ಇದೇ ಸಾಕು" ಅಂದ್ರು. ಆಗ ಕೆಜಿಗೆ ಇನ್ನೂರರ ಆಸುಪಾಸಿತ್ತು, ಎಪಾಕ್ಸಿಯ ಕಾಲು ಭಾಗಾನೂ ಇರ್ಲಿಲ್ಲ. ನೂರು ಗ್ರಾಂಗೆ ಒಂದೆರಡು ಗ್ರಾಂ ಕ್ಯಾಟಲಿಸ್ಟ್ (ಗಟ್ಟಿ ಮಾಡೋ ದ್ರವ) ಹಾಕಿ ಕಲಸಿ ಗಾಜಿನ ಎಳೆಗಳ ಮ್ಯಾಟ್ ಮೇಲೆ ಹಚ್ಚಿದ್ರೆ ಅರ್ಧ ಗಂಟೆಗೆ ಕಲ್ಲು. ವಾಸನೆ ಮಾತ್ರ ಎರಡು ದಿನ ಅಂಗಳ ಬಿಟ್ಟು ಹೋಗ್ಲಿಲ್ಲ. ಒಂದು ಮಳೆಗಾಲ ಕಳೀತು, ದೀಪಾವಳಿ ಹೊತ್ತಿಗೆ ಪ್ಯಾಚಿನ ಒಂದು ಮೂಲೆ ಎದ್ದಿತ್ತು, ಹಿಡಿದು ಎಳೆದ್ರೆ ಹಪ್ಪಳದ ಥರ ಇಡೀ ತುಂಡು ಕೈಗೆ ಬಂತು, ಒಳಗೆ ನೀರು ನಿಂತು ಮರ ಕಪ್ಪಾಗಿತ್ತು. ಅವರು ಹೇಳಿದ್ದು ತಪ್ಪಲ್ಲ, ಫೈಬರ್ ಬೋಟೇ ಪಾಲಿಯೆಸ್ಟರಿಂದ ಮಾಡಿದ್ದು, ಅದರ ಮೇಲೆ ಅದು ಚೆನ್ನಾಗಿ ಕೂರುತ್ತೆ. ಮರದ ಮೇಲೆ ಕಥೆ ಬೇರೆ, ಗಟ್ಟಿಯಾಗ್ತಾ ಕುಗ್ಗುತ್ತೆ, ಮರ ಮಳೇಲಿ ಉಬ್ಬಿ ಬೇಸಿಗೇಲಿ ಒಣಗ್ತಾ ಇದ್ರೆ ಹಿಡಿತ ಬಿಡುತ್ತೆ, ಅದ್ರಲ್ಲೂ ನಮ್ಮದು ಅರವತ್ತು ವರ್ಷ ಎಣ್ಣೆ ಕುಡಿದ ಮರ.

ಎರಡನೇದು ಆನ್‌ಲೈನಲ್ಲಿ ತರಿಸಿದ ಆರ್ಟ್ ರೆಸಿನ್. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಟೇಬಲ್ ಟಾಪ್, ನದಿ ಟೇಬಲ್, ಗಾಜಿನಂಥ ಹೊಳಪು ಅಂತೆಲ್ಲ ಫೋಟೊ ಹಾಕಿದ್ರು, ಬಾಟ್ಲಿ ಮೇಲೆ 2:1 ಅಂತಿತ್ತು, ತೂಕದಲ್ಲೋ ಅಳತೇಲೋ ಎಲ್ಲೂ ಬರೆದಿರ್ಲಿಲ್ಲ. ನಾನು ಅಡಿಗೆಮನೆ ತಕ್ಕಡಿ ಇಟ್ಟು 220 ಗ್ರಾಂ ರೆಸಿನ್‌ಗೆ 110 ಗ್ರಾಂ ಹಾರ್ಡ್ನರ್ ಹಾಕ್ದೆ. ರೆಸಿನ್ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.1 ಕೆಜಿ, ಹಾರ್ಡ್ನರ್ ನೀರಿಗಿಂತ ಸ್ವಲ್ಪ ಹಗುರ. ಲೋಟದಳತೇಲಿ 2:1 ಅಂದ್ರೆ 220 ಗ್ರಾಂಗೆ ಬೇಕಾಗಿದ್ದು 95 ಗ್ರಾಂ ಚಿಲ್ಲರೆ ಅಷ್ಟೇ. ಪಾಲಿಯೆಸ್ಟರಲ್ಲಿ ಕ್ಯಾಟಲಿಸ್ಟ್ ಸ್ವಲ್ಪ ಜಾಸ್ತಿ ಆದ್ರೆ ಬೇಗ ಗಟ್ಟಿಯಾಗುತ್ತೆ ಅಷ್ಟೇ, ಎಪಾಕ್ಸಿ ಹಾಗಲ್ಲ, ಇಲ್ಲಿ ಹಾರ್ಡ್ನರ್ ರೆಸಿನ್‌ಗೆ ಜೋಡಿ, ಜೋಡಿ ಸಿಗದ್ದು ಹಾಗೇ ಅಂಟಂಟಾಗಿ ಉಳಿಯುತ್ತೆ. ನನ್ನ ಹಲಸಿನ ಟೀಪಾಯಿ ಮೂರು ವಾರ ಆದ್ರೂ ಬೆಲ್ಲದ ಪಾಕದ ಥರಾನೇ ಇತ್ತು, ಪೇಪರ್ ಇಟ್ರೆ ಪೇಪರ್ ಅಂಟ್ಕೋತಿತ್ತು, ಕೊನೆಗೆ ಹೀಟ್ ಗನ್ ಹಿಡಿದು ಕೆರೆದು ತೆಗೆದೆ. ಆಮೇಲೆ ಉಳಿದಿದ್ದನ್ನ ಲೋಟದಲ್ಲೇ ಅಳೆದು ದೋಣಿಗೆ ಹಚ್ಚಿದ್ರೆ ಅದು ನೀರಿನಷ್ಟು ತೆಳು, ಓರೆಯಿರೋ ಹಲಗೆ ಮೇಲೆ ನಿಲ್ಲೋದೇ ಇಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧ ರೆಸಿನ್ ಕೆಳಗೆ ಹಾಸಿದ್ದ ತಾಡಪತ್ರೆ ಮೇಲಿತ್ತು. ಮಟ್ಟಸವಾಗಿ ಮಲಗಿರೋ ಟೇಬಲ್‌ಗೆ ಸುರಿಯೋಕೆ ಸರಿ ಇರ್ಬೋದು, ದೋಣಿಗಲ್ಲ. ಕೆಜಿಗೆ ಸಾವಿರದ ಮೇಲೆ ಕೊಟ್ಟಿದ್ದೆ.

ಹಾರ್ಡ್‌ವೇರ್ ಅಂಗಡೀಲಿ ಸಿಗೋ ಎರಡು ಟ್ಯೂಬಿನ ಅಂಟು ಹಿಡಿಕೆ ಅಂಟಿಸೋಕೆ ಚೆನ್ನಾಗಿದೆ, ದೋಣಿಗೆ ಟ್ಯೂಬ್ ಲೆಕ್ಕದಲ್ಲಿ ತಗೊಂಡ್ರೆ ಮನೆ ಮಾರ್ಬೇಕು.

ವಿದೇಶಿ ದೋಣಿ ರೆಸಿನ್, ಪಂಪ್ ಒತ್ತಿದ್ರೆ 5:1 ತಾನೇ ಅಳೆದು ಬರುತ್ತಲ್ಲ, ಅದನ್ನ ಬಳಸಿಲ್ಲ. ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ.

ಈಗ 556. ಮಂಗಳೂರಿನ ಫೈಬರ್ ಸಾಮಾನಿನ ಅಂಗಡಿಯಿಂದ ತಂದೆ, ಹಾರ್ಡ್ನರ್ ಸೇರಿ ಕೆಜಿಗೆ ಎಂಟುನೂರು ಚಿಲ್ಲರೆ ಬಿತ್ತು. ಇದು ತೂಕದ ಲೆಕ್ಕ, ನೂರು ಗ್ರಾಂ ರೆಸಿನ್‌ಗೆ ಹತ್ತರಿಂದ ಹನ್ನೆರಡು ಗ್ರಾಂ ಹಾರ್ಡ್ನರ್. ಈ ಸಲ ಅಂಗಡಿಯವರನ್ನ ಮೂರು ಸಲ ಕೇಳಿ ಡಬ್ಬಿ ಮೇಲೆ ಬರೆಸ್ಕೊಂಡೆ. ಹತ್ತು ಗ್ರಾಂನಲ್ಲಿ ಒಂದು ಗ್ರಾಂ ಆಚೀಚೆ ಆದ್ರೂ ದೊಡ್ಡ ವ್ಯತ್ಯಾಸ, ಅದಕ್ಕೆ ಅಡಿಗೆಮನೆ ತಕ್ಕಡಿ ಬಿಟ್ಟು 0.1 ಗ್ರಾಂ ತೋರ್ಸೋ ಸಣ್ಣ ತಕ್ಕಡಿ ತಗೊಂಡೆ, ಅದೇನು ದುಬಾರಿ ಅಲ್ಲ. ದಪ್ಪ ಇರೋದ್ರಿಂದ ಹಚ್ಚಿದ ಕಡೆ ನಿಲ್ಲುತ್ತೆ, ಜೊತೆಗೆ ಗರಗಸದ ಹುಡಿ ಕಲಸಿದ್ರೆ ರೊಟ್ಟಿ ಹಿಟ್ಟಿನ ಹದಕ್ಕೆ ಬರುತ್ತೆ, ಬಿರುಕಿಗೆ ಒತ್ತಿ ತುಂಬಬಹುದು. ಮೆತ್ತಗಾದ ಮರ ಪೂರ್ತಿ ಕೆತ್ತಿ ತೆಗೆದು, ಹದಿನೈದು ದಿನ ಏಪ್ರಿಲ್ ಬಿಸಿಲಲ್ಲಿ ದೋಣಿ ಮಗುಚಿ ಹಾಕಿ ಒಣಗಿಸಿ, ಎಣ್ಣೆ ಜಿಡ್ಡಿನ ಮೇಲ್ಪದರ ಹತ್ರಿ ಹಾಕಿ ತೆಗೆದು ಆಮೇಲೆ ಹಚ್ಚಿದ್ದು. ಪಾಲಿಯೆಸ್ಟರ್ ಹಚ್ಚೋವಾಗ ಇಷ್ಟು ತಯಾರಿ ನಾನು ಮಾಡಿರ್ಲಿಲ್ಲ, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಕೋತೀನಿ.

ಮ್ಯಾಟ್ ವಿಷಯ ಒಂದು ನೆನಪಿಟ್ಕೊಳಿ. ಪಾಲಿಯೆಸ್ಟರಿಗೆ ಬಳಸೋ ಕತ್ತರಿಸಿದ ಎಳೆಗಳ ಮ್ಯಾಟನ್ನೇ ಎಪಾಕ್ಸಿಗೂ ಹಾಕ್ಬೇಡಿ, ಆ ಎಳೆಗಳನ್ನ ಹಿಡಿದಿಟ್ಟಿರೋ ಅಂಟು ಪಾಲಿಯೆಸ್ಟರಲ್ಲಿರೋ ಸ್ಟೈರೀನ್ ಅನ್ನೋ ದ್ರವಕ್ಕೆ ಕರಗೋ ಥರ ಮಾಡಿರ್ತಾರೆ, ಎಪಾಕ್ಸೀಲಿ ಸ್ಟೈರೀನ್ ಇಲ್ಲ, ಮ್ಯಾಟ್ ಸೆಟೆದುಕೊಂಡು ಬೆಳ್ಳಗೇ ಇರುತ್ತೆ. ನೇಯ್ದ ಗ್ಲಾಸ್ ಬಟ್ಟೆ ಕೇಳಿ ತಗೊಳಿ.

ಇನ್ನು 556ರ ತಲೆನೋವು. ಕೆಲಸ ಮುಗಿಸೋದು ತಡ ಆಗಿ ಜೂನ್ ಮೊದಲ ವಾರಕ್ಕೆ ಬಂತು, ಆಗ್ಲೇ ನಾಲ್ಕು ಮಳೆ ಬಿದ್ದಿತ್ತು. ಸಂಜೆ ಐದಕ್ಕೆ ಶೆಡ್ಡಲ್ಲಿ ಮೊದಲ ಕೋಟ್ ಹಚ್ಚಿ ಮಲಗಿದೆ. ಬೆಳಿಗ್ಗೆ ಮುಟ್ಟಿದ್ರೆ ಗಟ್ಟಿಯಾಗಿದೆ, ಆದ್ರೆ ಮೇಲೆ ಏನೋ ಜಿಡ್ಡು, ಮೇಣದ ಥರ, ಬೆರಳಿಗೆ ಹತ್ತುತ್ತೆ. ಮತ್ತೆ ಅಳತೆ ಕೆಟ್ಟಿತು ಅಂತ ಎದೆ ಧಸಕ್ ಅಂತು. ಉಜ್ಜು ಕಾಗದ ಹಾಕಿದ್ರೆ ಎರಡೇ ನಿಮಿಷಕ್ಕೆ ಕಾಗದ ಕಟ್ಟಿಕೊಂಡು ಬೋಳು. ಥಿನ್ನರ್ ಬಟ್ಟೇಲಿ ಒರೆಸ್ದೆ, ಜಿಡ್ಡು ಇಲ್ಲಿಂದ ಅಲ್ಲಿಗೆ ಹರಡ್ತೇ ಹೊರತು ಹೋಗ್ಲಿಲ್ಲ. ಸಾಕಾಗಿ ಅದರ ಮೇಲೇ ಎರಡನೇ ಕೋಟ್ ಎಳೆದೆ. ವಾರ ಬಿಟ್ಟು ಉಗುರಲ್ಲಿ ಕೆರೆದ್ರೆ ಎರಡನೇ ಕೋಟ್ ಹಾವಿನ ಪೊರೆ ಹಾಗೆ ಎದ್ದು ಬಂತು.

ಆಮೇಲೆ ಓದಿ ತಿಳ್ಕೊಂಡಿದ್ದು, ಅದು ಅಮೈನ್ ಬ್ಲಶ್. ಹಾರ್ಡ್ನರಲ್ಲಿರೋ ಅಮೈನ್ ಅನ್ನೋ ರಾಸಾಯನಿಕ ಮೇಲ್ಮೈಗೆ ಬಂದು ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಉಪ್ಪಿನಂಥ ಪದರ ಕಟ್ಟುತ್ತೆ. 951ರಂಥ ಹಾರ್ಡ್ನರಲ್ಲಿ ಇದು ಜಾಸ್ತಿ, ನಮ್ಮ ಕರಾವಳಿ ಗಾಳಿಯಲ್ಲಂತೂ ಕೇಳೋದೇ ಬೇಡ. ತಮಾಷೆ ಏನಂದ್ರೆ ಆ ಜಿಡ್ಡು ಥಿನ್ನರಿಗಲ್ಲ, ನೀರಿಗೆ ಕರಗುತ್ತೆ! ಬಾವಿ ನೀರು, ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್, ಐದು ನಿಮಿಷದ ಕೆಲಸ. ಮೊದ್ಲು ತೊಳೆದು, ಒಣಗಿದ ಮೇಲೆ ಉಜ್ಜು ಕಾಗದ, ಈ ಕ್ರಮ ಉಲ್ಟಾ ಆದ್ರೆ ಜಿಡ್ಡನ್ನ ಗೀರಿನೊಳಗೆ ತಿಕ್ಕಿದ ಹಾಗೆ. ನಾನು ಎರಡನೇ ಕೋಟ್ ಪೂರ್ತಿ ಕೆರೆದು ಮತ್ತೆ ಶುರು ಮಾಡಿದೆ.

ಈಗ ಬೆಳಿಗ್ಗೆ ಹತ್ತರ ಮೇಲೆ ಶುರು ಮಾಡಿ ಮಧ್ಯಾಹ್ನದೊಳಗೆ ಮುಗಿಸ್ತೀನಿ, ಸಂಜೆ ತಂಪು ಇಳಿಯೋ ಹೊತ್ತಿಗೆ ಅದು ಗಟ್ಟಿಯಾಗಿರ್ಬೇಕು. ಎರಡನೇ ಕೋಟ್ ಹಚ್ಚೋದಿದ್ರೆ ಮೊದಲನೇದು ಬೆರಳಿಗೆ ಸ್ವಲ್ಪ ಅಂಟೋ ಹಂತದಲ್ಲಿರೋವಾಗ್ಲೇ, ಮಾರನೇ ದಿನಕ್ಕೆ ಬಿಡಲ್ಲ. ಸಣ್ಣ ಪ್ಯಾಚ್ ಆದ್ರೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಾಳಿ ಇಲ್ಲದ ಹಾಗೆ ಕೈಯಲ್ಲಿ ಸವರಿಬಿಡಿ, ಮಾರನೇ ದಿನ ಹಾಳೆ ಕಿತ್ತರೆ ಒಳಗೆ ಜಿಡ್ಡೂ ಇಲ್ಲ, ಉಜ್ಜೋ ಕೆಲಸಾನೂ ಅರ್ಧ.

ಇನ್ನೊಂದು, ಒಂದೇ ಲೋಟದಲ್ಲಿ ಜಾಸ್ತಿ ಕಲಸ್ಬೇಡಿ. ನಾನು ದುರಾಸೆಗೆ ಮುನ್ನೂರು ಗ್ರಾಂ ಕಲಸಿದ್ದೆ, ಫೋನ್ ಬಂತು, ವಾಪಸ್ ಬರೋದ್ರೊಳಗೆ ಲೋಟದಿಂದ ಹೊಗೆ, ಪ್ಲಾಸ್ಟಿಕ್ ಕರಗಿ ಸೊಟ್ಟಗಾಗಿತ್ತು. ನೂರು ಗ್ರಾಂ ಕಲಸಿ ಅಗಲ ತಟ್ಟೆಗೆ ಸುರಿದ್ರೆ ಬಿಸಿ ಏರಲ್ಲ. ಕೈಗೆ ಗ್ಲೌಸ್ ಬೇಕೇ ಬೇಕು, ಹಾರ್ಡ್ನರ್ ಪದೇ ಪದೇ ತಾಗಿದ್ರೆ ಕೆಲವರಿಗೆ ಅಲರ್ಜಿ ಶುರುವಾಗುತ್ತೆ, ಒಮ್ಮೆ ಶುರುವಾದ್ರೆ ಬಿಡಲ್ಲ.

ಬಿಸಿಲಿಗೆ ಮೂರರಲ್ಲಿ ಯಾವ್ದೂ ತಡೆಯಲ್ಲ. ಎಪಾಕ್ಸಿ ಹಳದಿ ತಿರುಗಿ ಪುಡಿ ಏಳುತ್ತೆ, ಮೇಲೆ ಪೈಂಟ್ ಹಚ್ಚಲೇಬೇಕು.

ಒಂದೂವರೆ ವರ್ಷ ಆಯ್ತು, ಎರಡೂ ಬಿರುಕು ಹಾಗೇ ಕೂತಿವೆ, ದೋಣಿ ಒಳಗೆ ಈಗ ಬರೋ ನೀರು ಮಳೇದು ಮಾತ್ರ. ನೀವು ವಾರಕ್ಕೊಂದು ಫೈಬರ್ ಬೋಟ್ ರಿಪೇರಿ ಮಾಡೋರಾದ್ರೆ ಪಾಲಿಯೆಸ್ಟರೇ ಸರಿ, ನನ್ನ ಮಾತು ಕೇಳ್ಬೇಡಿ. ನಂದು ವರ್ಷಕ್ಕೆ ಒಂದೆರಡು ಕೆಜಿ, ಹಳೇ ಮರ, ತೂಕ ಹಾಕೋಕೆ ಬೇಸರ ಇಲ್ಲ, ಹಾಗಾಗಿ 556. ಗೇರು ಸಿಪ್ಪೆ ಎಣ್ಣೆಯಿಂದಲೇ ಫೀನಾಲ್ಕಮೈನ್ ಅಂತ ಒಂದು ಥರದ ಹಾರ್ಡ್ನರ್ ಮಾಡ್ತಾರೆ, ತೇವದಲ್ಲೂ ಗಟ್ಟಿಯಾಗುತ್ತೆ, ಬ್ಲಶ್ ಕಮ್ಮಿ, ಹಡಗಿನ ಪೈಂಟಿಗೆ ಹಾಕ್ತಾರೆ. ಅಜ್ಜ ಹಚ್ತಿದ್ದ ಎಣ್ಣೆಯೇ ಬೇರೆ ವೇಷದಲ್ಲಿ! ಚಿಲ್ಲರೆಯಾಗಿ ಅರ್ಧ ಕೆಜಿ ಕೊಡೋರು ನಂಗಿನ್ನೂ ಸಿಕ್ಕಿಲ್ಲ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಆರ್ಟ್ ರೆಸಿನ್ ಅರ್ಧ ಬಾಟ್ಲಿ ಉಳಿದಿತ್ತು, ಅಕ್ಕನ ಮಗಳು ತಗೊಂಡೋಗಿ ದಾಸವಾಳದ ಎಸಳು ಹಾಕಿ ಕೀ ಚೈನ್ ಮಾಡ್ತಿದ್ದಾಳೆ, ಅವಳದ್ದು ಒಂದೂ ಅಂಟಂಟಾಗಿಲ್ಲ.